ಬಾವಿ ಬತ್ತಲೆಂಬ ಹರಕೆ

"ಎಣ್ಣಿ ಬಾವಿ ಬತ್ತಾಕ ಎಷ್ಟು ವರ್ಷ ಬೇಕ್ರಿ, ರಾಜೇಸಾಬ ಕಾಕಾ?"

ಎಮ್ಮೆಗೆ ಹಿಂಡಿ ಒಯ್ಯಲು ಮಟಕಿ ಊರಿನ ಗಾಣದ ಮನೆಗೆ ಬಂದಿದ್ದ ರಾಜೇಸಾಬ ತಬ್ಬಿಬ್ಬಾದ. ಬರ್ಮಾದ ಎಣ್ಣೆ ಬಾವಿಗಳಲ್ಲಿ ಇಪ್ಪತ್ತು ವರ್ಷ ದುಡಿದು, ಜಪಾನಿಯರು ನುಗ್ಗಿದಾಗ ಗುಡ್ಡಗಾಡು ತುಳಿದು ಊರು ಸೇರಿದವನು ಅವನು. ಕೇಳಿದವಳು ಗಾಣದ ದ್ರೌಪದಿ. ಅವಳ ಗಂಡ ಚಂದ್ರಾಮ ಇರಾನಿನಲ್ಲಿ ಅಂಥದೇ ಬಾವಿಯ ಕೆಲಸಕ್ಕೆ ಹೋಗಿ ಆರು ವರ್ಷವಾಗಿತ್ತು. 'ಈ ಬಾವಿ ಮುಗಿದ ಕೂಡಲೇ ಬರುತ್ತೇನೆ' ಎಂದು ಪ್ರತಿ ಕಾಗದದಲ್ಲೂ ಬರೆಯುತ್ತಿದ್ದ. ಲೋಕವೆಲ್ಲ ಬಾವಿ ತುಂಬಲಿ ಎಂದು ಬೇಡಿಕೊಂಡರೆ, ಈ ಪುಣ್ಯಾತ್ಗಿತ್ತಿ ಬಾವಿ ಬತ್ತಲಿ ಎಂದು ಆಳಂದದ ದರ್ಗಾದಲ್ಲಿ ಸಕ್ಕರೆಗೆ ಫಾತಿಹಾ ಓದಿಸಿ ಹಂಚುವ ಹರಕೆ ಹೊತ್ತಿದ್ದಳು.

ಅವಳ ಕಾಗದಗಳನ್ನು ಓದುವವನೂ ಉತ್ತರ ಬರೆಯುವವನೂ ರಾಜೇಸಾಬನೇ. ಇವತ್ತೂ ಅವನ ಮುಂದೆ ಕಾಗದ, ದೌತಿ ಇಟ್ಟು ಕೂತಿದ್ದಳು.

"ನೆಲದ ಹಗೇದಾಗಿನ ಜ್ವಾಳದಂಗ ತಗದಷ್ಟೂ ತೀರತದಲ್ರಿ?"

"ಹಂಗಿಲ್ಲಬೇ. ಕುಸುಬಿಯೊಳಗ ಎಣ್ಣಿ ಇದ್ದಂಗ, ಅದು ಕಲ್ಲಿನ ಸಣ್ಣ ಸಣ್ಣ ತೂತಿನಾಗ ಇರ್ತದ. ಮೊದಲ ಕೆಳಗಿನ ಗ್ಯಾಸು ಒತ್ತತದ, ತಾನೇ ಮ್ಯಾಲ ಚಿಮ್ಮತದ. ಒತ್ತು ಕಮ್ಮಿ ಆತಂದ್ರ ಪಂಪು ಹಚ್ಚತಾರ."

"ಪಂಪಿಗೂ ಬರಲಿಲ್ಲಂದ್ರ?" ದ್ರೌಪದಿಯ ಕಣ್ಣು ಅರಳಿದವು.

"ಕೆಲವು ಕಡಿ ಗ್ಯಾಸು ತಿರುಗಿ ಕೆಳಗ ತುಂಬಿ ಒತ್ತತಾರ. ಮತ್ತ ಏಳ್ತದ."

"ಅದೂ ಮುಗದ ಮ್ಯಾಲ?"

"ಬಾವಿ ಬಿಡ್ತಾರ. ಆದ್ರೂ ಅರ್ಧಕ್ಕಿಂತ ಹೆಚ್ಚು ಕಲ್ಲಿನಾಗೇ ಉಳೀತದ. ಏನು ಮಾಡಿದ್ರೂ ಬರಂಗಿಲ್ಲ."

ಗಾಣದವಳಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಎಷ್ಟು ಅರೆದರೂ ಹಿಂಡಿಯಲ್ಲಿ ಜಿಡ್ಡು ಉಳಿದೇ ಉಳಿಯುತ್ತದೆ. ಅವಳಿಗೆ ಬೇಕಾದದ್ದು ಒಂದೇ ಮಾತು, ಬಾವಿ ಬಿಡುತ್ತಾರೆ ಎಂಬುದು. ಅದು ಸಿಕ್ಕಿತ್ತು.

"ನಿಮ್ಮ ಬಾವೀನೂ ಹಂಗೇ ಬತ್ತಿ, ನೀವು ಮನೀಗಿ ಬಂದ್ರೇನ್ರಿ?"

"ನಮ್ಮದು ಬತ್ತಲಿಲ್ಲ. ದುಶ್ಮನರ ಕೈಗಿ ಸಿಗಬಾರದಂತ ಸಾಹೇಬರು ಸಿಮಿಟು, ಗುಜರಿ ಕಬ್ಬಿಣ ಸುರುವಿ ಮುಚ್ಚಿಸಿದ್ರು. ಮುಚ್ಚಿದವರಾಗ ನಾನೂ ಒಬ್ಬಾಂವ."

"ಅಂತೂ ಮನೀಗಿ ಬಂದ್ರಲ್ರಿ."

"ಊರಿಗಿ ಬಂದೇನಿ," ಅಂದ ರಾಜೇಸಾಬ. "ಮನಿ ಅಲ್ಲೇ ಉಳೀತು."

ದ್ರೌಪದಿಗೆ ಅರ್ಥವಾಗಲಿಲ್ಲ. ಅವನು ತಲೆ ತಗ್ಗಿಸಿಯೇ ಮಾತು ಮುಂದುವರಿಸಿದ.

"ಅಲ್ಲೀ ಹೆಣ್ಣುಮಗಳ ಜೋಡಿ ನಿಕಾಹ್ ಆಗಿತ್ತಬೇ. ಒಂದು ಹೆಣ್ಣು ಕೂಸು, ನಾಕು ವರ್ಷದ್ದು. ಆ ಗುಡ್ಡ ದಾಟೂದು ಕೂಸಿಗಿ ಆಗಂಗಿಲ್ಲಂತ ಇಬ್ಬರನ್ನೂ ಆಕಿ ಅವ್ವನ ಮನ್ಯಾಗ ಬಿಟ್ಟು ಬಂದೆ. ಈಗ ಅವರು ಎಲ್ಲಿದ್ದಾರೋ, ಇದ್ದಾರೋ ಇಲ್ಲೋ. ಇಪ್ಪತ್ತು ವರ್ಷ ಅಂದ್ರ ಕಮ್ಮಿ ಅಲ್ಲ ಯವ್ವಾ. ಪರದೇಶದಾಗ ಮನಷಾ ಅಷ್ಟು ದಿನ ಒಬ್ಬಾವನೇ ಇರಂಗಿಲ್ಲ."

ಎಲ್ಲಿಯ ಮಾತು ಎಲ್ಲಿಗೆ ಬಂತೆಂದು ಅವನಿಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು. ಆರು ವರ್ಷ. ಚಂದ್ರಾಮ ಹೋಗಿ ಆದ ವರ್ಷಗಳನ್ನು ದ್ರೌಪದಿ ಬೆರಳಲ್ಲಿ ಎಣಿಸಿಕೊಂಡಳು. ಸಿಟ್ಟು ಬಂತು, ಅಳು ಬಂತು. ಅವೆರಡನ್ನೂ ನುಂಗಿಕೊಂಡು ಮೇಲೆದ್ದದ್ದು ಮಾತ್ರ ಹಳೆಯದೇ ಆಸೆ: ಆ ಮನುಷ್ಯ ಒಮ್ಮೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರಬೇಕು, ನೀರು ಕೊಡು ಅನ್ನಬೇಕು.

"ಚಂದ್ರಾಮ ಅಂಥಾಂವ ಅಲ್ಲಬೇ," ರಾಜೇಸಾಬ ತಡವರಿಸಿದ. "ಇವತ್ತು ಕಾಗದ ಬ್ಯಾಡ ಬಿಡು."

"ಬರೀರಿ. ಬಾವಿ ಮುಗಿಯೂ ತನಕ ನಿಂದ್ರಬ್ಯಾಡ್ರಿ, ನಾ ಕಾಯಾಕತ್ತೇನಿ, ಬರ್ರಿ ಅಂತ ಬರೀರಿ."

ಅವನು ಬರೆದ. "ಮತ್ತ?"

ದ್ರೌಪದಿ ಸೆರಗಿನಿಂದ ಕೈಯ ಎಣ್ಣೆ ಒರೆಸಿಕೊಂಡಳು. ಎಷ್ಟು ಒರೆಸಿದರೂ ಆ ಕೈ ಒಣಗುವಂಥದ್ದಲ್ಲ.

"ಅಲ್ಲಿ ಯಾರರೆ ಇದ್ರ," ಅಂದಳು, "ಆಕೀನ್ನೂ ಕರಕೊಂಡೇ ಬರ್ರಿ ಅಂತ ಬರೀರಿ."