ಕಾರು ಜಾರಿದಾಗ

ಮಗಳ ಹನ್ನೊಂದನೆಯ ದಿನದ ಕಾರ್ಯ ಮುಗಿದಿತ್ತು. ಒಳಗೆ ಊಟದ ಎಲೆ ಎತ್ತುತ್ತಿದ್ದರು. ಅವಳಿಗೆ ಕಾರು ಕಲಿಸುತ್ತಿದ್ದವನನ್ನು ಅಪ್ಪ ಜಗಲಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡರು. ಅವನ ಕೈಗೆ ಇನ್ನೂ ಬ್ಯಾಂಡೇಜು ಇತ್ತು.

“ಸ್ಪೋರ್ಟ್ಸ್ ಕಾರೇ ಬೇಕು ಅಂತ ಹಟ ಹಿಡಿದಳು, ಕೊಡಿಸಿದೆ. ಧೈರ್ಯಕ್ಕಿರಲಿ ಅಂತ ನಿಮ್ಮ ಕಾಲ ಹತ್ತಿರವೂ ಒಂದು ಬ್ರೇಕ್ ಹಾಕಿಸಿದೆ. ಇನ್ನೇನು ಮಾಡಬೇಕಿತ್ತು ಹೇಳಿ.”

ಅವನು ಬ್ಯಾಂಡೇಜಿನ ಅಂಚು ಸರಿಮಾಡಿಕೊಂಡ.

“ಹಿಂದಿನ ಚಕ್ರದಿಂದ ಓಡೋ ಕಾರು ಚಳೀಲಿ ಜಾರುತ್ತೆ ಅಂತ ಅವಳಿಗೆ ಗೊತ್ತಿತ್ತಾ?”

“ಗೊತ್ತಿತ್ತು ಸಾರ್. ಬೆಳಿಗ್ಗೆ ಟೈರು ತಣ್ಣಗಿರುತ್ತೆ, ಘಾಟೀಲಿ ಇಬ್ಬನಿ ಬೇರೆ. ಹಿಂದುಗಡೆ ಜಾರಿದರೆ ಜಾರಿದ ಕಡೆಗೇ ಸ್ಟೇರಿಂಗ್ ತಿರುಗಿಸು, ಏನೇ ಆದರೂ ಬ್ರೇಕ್ ಮಾತ್ರ ಒತ್ತಬೇಡ ಅಂತ ದಿನಾ ಹೇಳ್ತಿದ್ದೆ.”

“ಬ್ರೇಕ್ ಒತ್ತಿದ್ದಕ್ಕೇ ಕಾರು ಗಿರ್ರನೆ ತಿರುಗಿ ಕಂದಕಕ್ಕೆ ಬಿತ್ತು ಅಂದರು ಪೊಲೀಸರು. ಚಿಕ್ಕಂದಿನಿಂದ ಹಾಗೇ ಅವಳು, ಒಬ್ಬರ ಮಾತೂ ಕೇಳಿದವಳಲ್ಲ. ನೀವು ಮನಸ್ಸಿಗೆ ಹಚ್ಚಿಕೋಬೇಡಿ.”

ಅವನು ತನ್ನ ಬಲಗಾಲನ್ನೇ ನೋಡುತ್ತಾ ಕುಳಿತಿದ್ದ.

“ಕೇಳಿದಳು ಸಾರ್. ಸ್ಟೇರಿಂಗ್ ಸರಿಯಾಗೇ ತಿರುಗಿಸಿದಳು. ಬ್ರೇಕ್ ಒತ್ತಿದವನು ನಾನು.”