ಸದ್ದಿಲ್ಲದ ಡಿಸ್ಕು

ಹೆಡ್‌ಫೋನಿನಲ್ಲಿ ಡೋಲಿನ ತಾಳಕ್ಕೆ ಕಥೆ ಹೇಳುವ, ತಾನೇ ಹಾಡಿದ ಹಳೆಯ ಪನ್ಸೋರಿ ಹಾಡು ಕೇಳುತ್ತಿದ್ದ ಮಾಲ್ಸುನಜ್ಜಿ, ಸಾಲಿನ ಕೊನೆಗೆ ನಗಲೆಂದು ತುಟಿ ಅರಳಿಸಿದವಳು ಹಾಗೇ ಕಾದು ಕುಳಿತಳು.

“ನಮ್ಮನೆಯೋರು ಎಲ್ಲಪ್ಪಾ? ಇಲ್ಲಿ ಡೋಲು ಬಡೀತಾ ‘ಒಲ್ಸೂ!’ ಅಂತ ಕೂಗ್ತಿದ್ರಲ್ಲ?”

ಹಳೆಯ ಧ್ವನಿಮುದ್ರಣಗಳ ಗದ್ದಲ ತೆಗೆದುಕೊಟ್ಟಿದ್ದ ಸೊಕ್ಜುವಿಗೆ ಆಗಲೇ ಹೊಳೆದದ್ದು. ಡೋಲು ಬಾರಿಸುತ್ತಿದ್ದ ಅಜ್ಜಿಯ ತೀರಿಹೋದ ಗಂಡನ ಆ ಶಹಬ್ಬಾಸನ್ನು ಗದ್ದಲದ ಜೊತೆಗೇ ಅವನು ಒರೆಸಿಬಿಟ್ಟಿದ್ದ. ಹೊಸ ಲ್ಯಾಪ್‌ಟಾಪಿನ ಪ್ರೊಸೆಸರ್ ಎಷ್ಟು ಚುರುಕೆಂದರೆ, ಎಲ್ಲ ಹಾಡುಗಳನ್ನೂ ಕ್ಷಣದಲ್ಲಿ ತೊಳೆದಿತ್ತು. ಕೂತು ಕೇಳುವ ಪ್ರಮೇಯವೇ ಬರಲಿಲ್ಲ. “ಹಳೇ ಹಾರ್ಡ್‌ಡಿಸ್ಕ್ ಇಟ್ಕೊಳ್ಳಿ ಸರ್, ಒರಿಜಿನಲ್ ಅದ್ರಲ್ಲೇ ಇರತ್ತೆ,” ಎಂದಿದ್ದ ಯೊಂಗ್ಸಾನ್ ಮಾರುಕಟ್ಟೆಯ ಕಂಪ್ಯೂಟರ್ ಅಂಗಡಿಯವನು. “ಅದರ ಗುರ್‌ಗುರ್ ಕೇಳಿ ಸಾಕಾಗಿದೆ. ಅಳಿಸಿ ಮಾರ್ಕೊಳ್ಳಿ,” ಎಂದು ಇವನು ಹೊಸದಕ್ಕೆ ಸದ್ದಿಲ್ಲದ ಎಸ್‌ಎಸ್‌ಡಿ ಡಿಸ್ಕು ಹಾಕಿಸಿಕೊಂಡು ಬಂದಿದ್ದ.

“ಅಜ್ಜಿ, ಅದು...”

“ಶ್! ಇನ್ನೊಂದ್ಸಲ ಹಾಕು ಮಗಾ,” ಎಂದು ಅಜ್ಜಿ ಕಣ್ಣು ಮುಚ್ಚಿದಳು. “ಅವ್ರು ಒಂದೊಂದ್ಸಲ ತಡವಾಗಿ ಕೂಗೋರು.”