ಅಪ್ಪ ಹಿಡಿದ ಫೋನು

ಪೊಲೀಸಿನವನು ಓಡಿಬಂದು ಕೈ ಅಡ್ಡ ಹಿಡಿದಾಗ ಬ್ರೆಡ್ ವ್ಯಾನಿನ ಸ್ಟೇರಿಂಗ್ ಮೇಲೆ ಮಗನ ಎರಡೂ ಕೈ ಇದ್ದವು. ಫೋನು ಇದ್ದದ್ದು ಪಕ್ಕದಲ್ಲಿ ಕೂತಿದ್ದ ಅಪ್ಪನ ಕೈಯಲ್ಲಿ. ಕನ್ನಡಿ ತೋರಿಸುವ ಹಾಗೆ ಅದನ್ನು ಮಗನ ಮುಖದ ಮುಂದೆ ಹಿಡಿದಿದ್ದ.

“ಫೋನ್ ನೋಡ್ಕೊಂಡು ಓಡಿಸ್ತೀಯೇನಯ್ಯಾ? ಇಳಿ!”

“ನಾನು ಮುಟ್ಟೇ ಇಲ್ಲ ಸಾರ್. ಎರಡು ಸಲ ಸಿಕ್ಕಿಬಿದ್ದ ಮೇಲೆ ಅದನ್ನ ಅಪ್ಪನ ಕೈಗೇ ಕೊಟ್ಟುಬಿಟ್ಟಿದ್ದೀನಿ.”

“ಹಾಗಾದ್ರೆ ಇದು ಮೂರನೇದು. ಮೂರು ತಿಂಗಳು ಲೈಸೆನ್ಸ್ ಇಲ್ಲ.”

ಮಗನ ಮುಖ ಇಳಿದುಹೋಯಿತು. ಮೂರು ತಿಂಗಳೆಂದರೆ ಬೇಕರಿಯವರು ಬೇರೆ ಡ್ರೈವರನ್ನು ಹುಡುಕಿಕೊಳ್ಳುತ್ತಾರೆ. ಅಪ್ಪ ಮಂಡಿ ಹಿಡಿದುಕೊಂಡು ಕೆಳಗಿಳಿದ.

“ತಪ್ಪು ನಂದು ಸ್ವಾಮಿ. ಯಾವ ಅಂಗಡಿಗೆ ಎಷ್ಟು ಟ್ರೇ ಅಂತ ದಾರೀಲೇ ಮೆಸೇಜ್ ಬರುತ್ತೆ. ಅದನ್ನ ಇವನಿಗೆ ಮುಟ್ಟಿಸೋದು ನನ್ನ ಕೆಲಸ.”

“ಬಾಯಲ್ಲಿ ಓದಿ ಹೇಳಬಾರದಾ ಯಜಮಾನ್ರೇ?”

“ಓದೋಕೆ ಬಂದಿದ್ರೆ ತೋರಿಸ್ತಿದ್ನಾ?”

ಪೊಲೀಸಿನವನಿಗೆ ನಗು ಬಂತು, ನುಂಗಿಕೊಂಡ. ಮುದುಕನಿಗೆ ಅಷ್ಟೇ ಸಾಕಾಯಿತು.

“ಕೈ ನಂದು, ಕಣ್ಣು ಇವನದು. ಕಾನೂನು ಯಾವುದನ್ನ ಹಿಡಿಯುತ್ತೆ? ಕೈಯನ್ನ ಹಿಡಿಯೋದಾದ್ರೆ ನನ್ನ ಲೈಸೆನ್ಸ್ ಕಿತ್ಕೊಳ್ಳಿ.”

“ನಿಮಗೆ ಲೈಸೆನ್ಸ್ ಇದೆಯಾ?”

“ಎಲ್ಲಿಂದ ಬರಬೇಕು?”

ಪೊಲೀಸಿನವನು ಬರೆಯಲು ತೆಗೆದ ಪೆನ್ನನ್ನು ಹಾಗೇ ಹಿಡಿದು ನಿಂತ. ಅವನಿಗೂ ಯಾಕೋ ಗೊಂದಲವಾದಂತಿತ್ತು. ಆಮೇಲೆ ಮಗನ ಕಡೆ ತಿರುಗಿ, “ಅದೆಲ್ಲ ಬಿಡು. ಆ ಹೆಂಗಸನ್ನ ನೋಡಿದ್ಯಾ?” ಎಂದು ಕೇಳಿದ.

“ಯಾವ ಹೆಂಗಸು ಸಾರ್?”

ಮಗ ಅಪ್ಪನ ಮುಖ ನೋಡಿದ. ಅಪ್ಪನಿಗೂ ಗೊತ್ತಿರಲಿಲ್ಲ. ವ್ಯಾನು ಓಡುವಾಗ ಮಗ ಓದಿ ಮುಗಿಸಿದನೋ ಇಲ್ಲವೋ ಎಂದು ಅವನ ಕಣ್ಣನ್ನೇ ಕಾಯುತ್ತ ಕೂತಿದ್ದ.

ಪೊಲೀಸಿನವನು ವ್ಯಾನಿನ ಹಿಂದಕ್ಕೆ ಕೈ ತೋರಿಸಿದ. ರಸ್ತೆ ದಾಟುವ ಬಿಳಿ ಪಟ್ಟಿಗಳ ಮೇಲೆ ಒಂದೇ ಒಂದು ಚಪ್ಪಲಿ ಬಿದ್ದಿತ್ತು. ಆಚೆ ಫುಟ್‌ಪಾತಿನಲ್ಲಿ ಒಬ್ಬಳು ಹೆಂಗಸು ದೀಪದ ಕಂಬ ಹಿಡಿದು, ಬರಿಗಾಲನ್ನು ಇನ್ನೊಂದು ಕಾಲಿನ ಮೇಲಿಟ್ಟು ನಡುಗುತ್ತ ನಿಂತಿದ್ದಳು.

ಮಗ ಜೇಬಿನಿಂದ ಲೈಸೆನ್ಸ್ ತೆಗೆದು ತಾನೇ ಕೊಟ್ಟ. ಯಾರೂ ಕೇಳಿರಲಿಲ್ಲ.

ಅಪ್ಪ ಮಾತ್ರ ವ್ಯಾನಿನ ಮುಂಗಾಜನ್ನೂ ಎರಡು ಸೀಟನ್ನೂ ಮತ್ತೆ ಮತ್ತೆ ನೋಡುತ್ತಿದ್ದ.

“ಇಬ್ರೂ ಮುಂದೇನೇ ಕೂತಿದ್ವಲ್ಲೋ ಮಗಾ, ಮತ್ತೆ ರಸ್ತೆ ನೋಡ್ತಿದ್ದೋರು ಯಾರು?”